ಕಣ್ಣಳತೆಯವರ ಐದು ನಕ್ಷತ್ರ

ಅವರಿಗೆ ಸೈಕಲ್ ಹೊಡೆಯಲು ಬರುತ್ತಿತ್ತು ಎಂದು ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ಹುಡುಗನಾಗಿದ್ದಾಗ ತುಳಿದದ್ದುಂಟು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ಹೊಟ್ಟೆ ಬಂತು, ಹೊಟ್ಟೆಯ ಹಿಂದೆಯೇ ಕಾರು ಬಂತು. ಹೀಗಿದ್ದೂ ದೇಶದಲ್ಲೇ ದೊಡ್ಡದೆನಿಸಿದ ಮಹಿಳೆಯರ ಸೈಕಲ್ ಪಂದ್ಯವನ್ನು ಈ ಸಲ ಯಾರು ಗೆಲ್ಲುತ್ತಾರೆ ಎಂದು ಮುಂಚಿತವಾಗಿ ಹೇಳುವ ಅಧಿಕಾರವನ್ನು ಅವರು ವರ್ಷಾನುಗಟ್ಟಲೆಯಿಂದ ಹಿಡಿದುಕೊಂಡು ಕೂತಿದ್ದರು. ಪತ್ರಿಕೆಯ ಕಚೇರಿಯಲ್ಲಿ ಅವರಿಗೆ ಕಣ್ಣಳತೆಯವರು ಎಂದು ಹೆಸರು. ಗೇಲಿಗಾಗಿ ಇಟ್ಟದ್ದು. ಅವರು ಅದನ್ನು ಬಿರುದೆಂದು ತಿಳಿದು, ಹೊಸಬರಿಗೆ ತಾವೇ ಹಾಗೆಂದು ಪರಿಚಯ ಮಾಡಿಕೊಳ್ಳುತ್ತಿದ್ದರು.

ಪಂದ್ಯದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಓಟವಲ್ಲ. ವಾರಕ್ಕೂ ಮಿಕ್ಕಿ ನಡೆಯುತ್ತದೆ. ದಿನಕ್ಕೊಂದು ಹಂತ, ಒಂದೂರಿನಿಂದ ಇನ್ನೊಂದೂರಿಗೆ, ಕೆಲವು ದಿನ ಸಪಾಟು ರಸ್ತೆ, ಕೆಲವು ದಿನ ಬೆಟ್ಟ. ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವಳೇ ಗೆದ್ದಂತೆ. ತಂಡಕ್ಕೊಬ್ಬ ನಾಯಕಿ. ಉಳಿದವರ ಕೆಲಸ ಅವಳಿಗೆ ಗಾಳಿ ಹೊಡೆಯದಂತೆ ಮುಂದೆ ತುಳಿಯುವುದು, ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿ ತಂದುಕೊಡುವುದು, ಅವಳ ಚಕ್ರ ಪಂಕ್ಚರ್ ಆದರೆ ತಮ್ಮ ಚಕ್ರ ಬಿಚ್ಚಿಕೊಟ್ಟು ರಸ್ತೆಬದಿಯಲ್ಲಿ ನಿಲ್ಲುವುದು. ಇವರನ್ನು ನೀರು ಹೊರುವವರು ಎನ್ನುತ್ತಾರೆ. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದು ಬಿದ್ದಾಗ ಮಾತ್ರ.

ಪಂದ್ಯ ಶುರುವಾಗುವ ಹಿಂದಿನ ದಿನ ಕಣ್ಣಳತೆಯವರ ನಕ್ಷತ್ರ ಪಟ್ಟಿ ಅಚ್ಚಾಗುತ್ತಿತ್ತು. ಒಬ್ಬಳಿಗೆ ಐದು ನಕ್ಷತ್ರ, ಇಬ್ಬರಿಗೆ ನಾಲ್ಕು, ಮೂವರಿಗೆ ಮೂರು, ಹೀಗೆ ಇಳಿಯುತ್ತ ಇಳಿಯುತ್ತ ಐದು ಜನಕ್ಕೆ ಒಂದೊಂದು. ಹದಿನೈದು ಜನರನ್ನು ಹೆಸರಿಸಿದ ಮೇಲೆ ಗೆದ್ದವಳು ಅವರಲ್ಲೊಬ್ಬಳಾಗದೆ ಇನ್ನೆಲ್ಲಿಗೆ ಹೋಗಬೇಕು? ಒಂದೇ ನಕ್ಷತ್ರದವಳು ಗೆದ್ದರೂ ಮರುದಿನ ‘ನಮ್ಮ ಪಟ್ಟಿಯಲ್ಲಿದ್ದ ಹೆಸರೇ’ ಎಂದು ಬರೆದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಪಟ್ಟಿಯಲ್ಲೇ ಇಲ್ಲದವಳು ಗೆದ್ದರೆ, ಅನಿರೀಕ್ಷಿತವೇ ಈ ಆಟದ ಸೊಗಸು ಎಂದು ಬರೆಯುತ್ತಿದ್ದರು. ಐದು ನಕ್ಷತ್ರದವಳು ಮಣ್ಣು ಮುಕ್ಕಿದರೆ ಅದಕ್ಕೂ ಒಂದು ಪದ ಸಿದ್ಧವಾಗಿತ್ತು: ದುರದೃಷ್ಟ. ಒಟ್ಟಿನಲ್ಲಿ ತಪ್ಪು ಯಾರದಾದರೂ ಆಗಬಹುದು, ರಸ್ತೆಯದು, ಮಳೆಯದು, ಚಕ್ರದ್ದು, ಅವರದು ಮಾತ್ರ ಅಲ್ಲ.

ಈ ಪೀಠಕ್ಕೆ ಅವರು ಏರಿದ ಬಗೆ ಬಹಳ ಸರಳ. ಮೊದಲು ಅವರು ಅದೇ ಪತ್ರಿಕೆಯಲ್ಲಿ ಸಿನಿಮಾ ವೇಳಾಪಟ್ಟಿ, ನಾಳೆಯ ಹವಾಮಾನ ಇಂಥವನ್ನು ಹೊಂದಿಸುತ್ತಿದ್ದರು. ಸೈಕಲ್ ಬಗ್ಗೆ ಬರೆಯುತ್ತಿದ್ದ ಹಿರಿಯರು ಕಾಯಿಲೆ ಬಿದ್ದಾಗ ಬೇರೆ ಯಾರೂ ಇಲ್ಲವೆಂದು ಇವರನ್ನು ಕಳಿಸಿದರು. ತಂಡಗಳು ಇಳಿದುಕೊಂಡಿದ್ದ ಹೋಟೆಲಿಗೆ ಹೋಗಿ ಲಿಫ್ಟಿನ ಪಕ್ಕ ನಿಂತುಕೊಂಡರು. ಯಾರು ಯಾರೆಂದು ಗೊತ್ತಿಲ್ಲ, ಯಾರನ್ನು ಏನು ಕೇಳಬೇಕೆಂದೂ ಗೊತ್ತಿಲ್ಲ. ಅಷ್ಟರಲ್ಲಿ ಕಡ್ಡಿಯಂಥ ಒಬ್ಬ ಹೆಂಗಸು ಬಾಗಿಲು ತೆರೆದುಕೊಂಡು ಬಂದಳು. ಕೆನ್ನೆ ಗುಳಿ ಬಿದ್ದಿತ್ತು, ಮೀನಖಂಡದ ನರಗಳನ್ನು ಎಣಿಸಬಹುದಿತ್ತು. ಬೇರೇನೂ ಹೊಳೆಯದೆ ಅವಳಿಗೇ ಐದು ನಕ್ಷತ್ರ ಬರೆದು ಕಳಿಸಿದರು. ಅವಳು ಗೆದ್ದುಬಿಟ್ಟಳು. ಅಂದಿನಿಂದ ಅವರಿಗೆ ಒಂದು ಸಿದ್ಧಾಂತ ಸಿಕ್ಕಿತು, ಓದುಗರಿಗೆ ಒಬ್ಬ ಪಂಡಿತ ಗಂಟುಬಿದ್ದ.

ಸಿದ್ಧಾಂತ ಇಷ್ಟೇ: ಯಾರು ಸೊರಗಿದ್ದಾಳೋ ಅವಳು ಗೆಲ್ಲುತ್ತಾಳೆ. ಕೆನ್ನೆ ಒಳಗೆ ಹೋಗಿದ್ದರೆ ಬೆಟ್ಟಕ್ಕೆ ಸಿದ್ಧ. ಕಾಲಿನ ಚರ್ಮ ಕಾಗದದಂತಿದ್ದರೆ ಫಾರಂ ಬಂದಿದೆ ಎಂದರ್ಥ. ಮೊಣಕೈ ಮೂಳೆ ಚೂಪಾಗಿದ್ದರೆ ಇನ್ನೊಂದು ನಕ್ಷತ್ರ ಸೇರಿಸಿ. ಎಲ್ಲರೂ ಸಣಕಲೇ ಆಗಿರುವ ಕಡೆ ಸಣಕಲರೇ ಗೆಲ್ಲುತ್ತಾರೆ ಎಂದು ಹೇಳಲು ಎಂಥ ಕಣ್ಣು ಬೇಕು, ಎಂಥ ಅಳತೆ ಬೇಕು ಎಂದು ಯಾರೂ ಅವರನ್ನು ಕೇಳಲಿಲ್ಲ. ಪತ್ರಕರ್ತರಲ್ಲಿ ಅರ್ಧ ಜನ ಅದೇ ಮಾತನ್ನೇ ಆಡುತ್ತಿದ್ದರು. ‘ಅವಳನ್ನ ನೋಡಿದ್ರಾ? ಒಣಗಿ ಹೋಗಿದ್ದಾಳೆ’ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ‘ಹೌದಾ? ಹಾಗಾದ್ರೆ ಈ ಸಲ ಅವಳದೇ’ ಎಂದು ತಲೆದೂಗುತ್ತಿದ್ದರು. ಲೋಕದಲ್ಲಿ ಬೇರೆಲ್ಲ ಕಡೆ ಇಂಥ ಮಾತಿಗೆ ಜನ ಡಾಕ್ಟರನ್ನು ಕರೆಸುತ್ತಾರೆ. ಇವರು ನಕ್ಷತ್ರ ಕೊಡುತ್ತಿದ್ದರು.

ಇದನ್ನೆಲ್ಲ ಅವರು ಗುರುತು ಹಾಕಿಕೊಳ್ಳುತ್ತಿದ್ದುದು ಹೋಟೆಲಿನ ಊಟದ ಕೋಣೆಯಲ್ಲಿ ಕೂತು. ಆ ಹೆಣ್ಣುಮಕ್ಕಳು ಅನ್ನವನ್ನು ತಕ್ಕಡಿಯಲ್ಲಿ ತೂಗಿ ಬಡಿಸಿಕೊಳ್ಳುವಾಗ ಇವರು ಎರಡನೆಯ ಸಲ ತಟ್ಟೆ ತುಂಬಿಸಿಕೊಂಡು, ಬಾಯಿ ತುಂಬ ಸಿಹಿ ಇಟ್ಟುಕೊಂಡು, ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ನೋಡುತ್ತಿದ್ದರು. ಹೆಚ್ಚು ಉಳಿಸಿದವಳ ಬಗ್ಗೆ ಅವರಿಗೆ ಗೌರವ. ಇದರಲ್ಲಿ ನಗುವಂಥದ್ದೇನಾದರೂ ಇದೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಮನೆಯಲ್ಲಿ ಹೆಂಡತಿ, ಒಬ್ಬಳೇ ಮಗಳು. ಹೆಂಡತಿ ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಕಿವಿಯ ಹಿಂದಿನ ಕಡ್ಡಿ ಬಗ್ಗಿಸಿ, ‘ಈಗ ಓದಿ ನೋಡೋಣ’ ಎನ್ನುವುದು ಅವಳ ದಿನದ ಪಾಡು. ಊರಿಗೆಲ್ಲ ಕನ್ನಡಕ ಕೊಟ್ಟೆ, ನಮ್ಮನೆಯವರಿಗೆ ಹೊಂದುವ ನಂಬರು ಮಾತ್ರ ಇನ್ನೂ ತಯಾರಾಗಿಲ್ಲ ಎಂದು ಅಂಗಡಿಯಲ್ಲಿ ಹೇಳಿ ನಗುತ್ತಿದ್ದಳು. ಮನೆಯಲ್ಲಿ ಹೇಳುತ್ತಿರಲಿಲ್ಲ.

ಮಗಳು ಬೆಳೆದದ್ದು ಊಟದ ಮೇಜಿನ ಮೇಲಿನ ಈ ಮಾತುಗಳನ್ನು ಕೇಳಿಕೊಂಡು. ಬೇರೆ ಮಕ್ಕಳು ರಾಜಕುಮಾರಿಯರ ಕತೆ ಕೇಳಿದಂತೆ ಅವಳು ಗುಳಿಬಿದ್ದ ಕೆನ್ನೆಯವರ ಕತೆ ಕೇಳಿದಳು. ಅಪ್ಪ ಯಾರನ್ನು ಅಷ್ಟು ಹೊಗಳುತ್ತಾನೋ ಅಂಥವಳಾಗಬೇಕು ಎನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಸೈಕಲ್ ಕೇಳಿದಳು, ಕೊಡಿಸಿದರು. ತುಳಿದಳು. ಕಾಲಲ್ಲಿ ಬಲವಿತ್ತು, ಹಟವಿತ್ತು, ಮುಖದ ತುಂಬ ನಗುವಿತ್ತು, ಕೆನ್ನೆಯೂ ದುಂಡಗಿತ್ತು. ಓದು ಮುಗಿಯುವಷ್ಟರಲ್ಲಿ ಒಂದು ವೃತ್ತಿಪರ ತಂಡಕ್ಕೆ ಸೇರಿಕೊಂಡಳು, ನೀರು ಹೊರುವವಳಾಗಿ. ಇಂಥ ತಂಡಕ್ಕೆ ಸೇರುವುದೇ ಸಾವಿರಕ್ಕೊಬ್ಬರಿಗೆ ಆಗುವ ಮಾತು. ತಾಯಿ ಅಂಗಡಿಯವರಿಗೆಲ್ಲ ಸಿಹಿ ಹಂಚಿದಳು. ಕಣ್ಣಳತೆಯವರು ಮಗಳ ಕಾಲನ್ನು ಒಮ್ಮೆ ನೋಡಿ, ಇನ್ನೂ ಇಳಿಯಬೇಕು ಎಂದರು.

ಅವಳು ರಜೆಗೆ ಮನೆಗೆ ಬಂದಿದ್ದ ಒಂದು ಬೆಳಿಗ್ಗೆ ಎರಡನೆಯ ಬ್ರೆಡ್ಡಿಗೆ ಕೈ ಚಾಚಿದಳು. ನಾಲ್ಕು ಗಂಟೆ ತುಳಿದು ಬಂದಿದ್ದ ಹಸಿವು. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, ‘ತಗೋ ತಗೋ, ಅದನ್ನೂ ಬೆಟ್ಟ ಹತ್ತಿಸೋಳು ನೀನೇ ತಾನೇ’ ಎಂದರು. ತಮ್ಮ ಮಾತಿಗೆ ತಾವೇ ನಕ್ಕರು. ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ವಾರದ ಅಂಕಣದಲ್ಲಿ ಅದನ್ನೇ ಉಪ್ಪು ಖಾರ ಹಚ್ಚಿ ಬರೆದರು, ಹೆಸರು ಹೇಳದೆ, ‘ನನಗೆ ಗೊತ್ತಿರುವ ಒಬ್ಬ ಹುಡುಗಿ’ ಎಂದು. ಅಂದು ಮಗಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಿದ್ದಳು. ಅದನ್ನು ಕಂಡವಳು ತಾಯಿ ಒಬ್ಬಳೇ.

ಪ್ರತಿ ವರ್ಷವೂ ಮಗಳು ಪಂದ್ಯದಲ್ಲಿರುತ್ತಿದ್ದಳು, ಪಟ್ಟಿಯಲ್ಲಿರುತ್ತಿರಲಿಲ್ಲ. ಸ್ವಂತ ಮಗಳಿಗೆ ಒಂದು ನಕ್ಷತ್ರವನ್ನೂ ಕೊಡದಿರುವುದು ತಮ್ಮ ಪ್ರಾಮಾಣಿಕತೆಗೆ ದೊಡ್ಡ ಸಾಕ್ಷಿ ಎಂದು ಕಣ್ಣಳತೆಯವರು ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದರು. ಒಮ್ಮೆ ಅವಳೇ ಕೇಳಿದಳು, ತಮಾಷೆ ಮಾಡಿದ ಹಾಗೆ: ‘ಒಂದಾದ್ರೂ ಕೊಡಬಹುದಿತ್ತಲ್ಲ ಅಪ್ಪ.’

‘ನೀರು ಹೊರೋರಿಗೆಲ್ಲ ನಕ್ಷತ್ರ ಕೊಟ್ರೆ ಆಕಾಶ ಖಾಲಿ ಆಗುತ್ತೆ. ಮೊದಲು ಆ ಕೆನ್ನೆ ಇಳಿಸು, ಆಮೇಲೆ ನೋಡೋಣ.’

ಅವರು ಇದನ್ನು ಹೇಳಿ ಮರೆತರು. ಅವರಿಗೆ ಮರೆಯುವುದು ಸಲೀಸು, ದಿನಕ್ಕೆ ಇಂಥ ನೂರು ಮಾತು ಆಡುತ್ತಿದ್ದರು. ಅವಳು ಮರೆಯಲಿಲ್ಲ.

ಆಮೇಲಿನ ಚಳಿಗಾಲದಲ್ಲಿ ಅವಳು ಮನೆಗೆ ಬರುವುದು ಕಡಿಮೆಯಾಯಿತು. ತಂಡದ ಮನೆಯಲ್ಲೇ ಇದ್ದಳು, ಫೋನಿನಲ್ಲಿ ಅಭ್ಯಾಸ ಜೋರಾಗಿದೆ ಎನ್ನುತ್ತಿದ್ದಳು. ಬೇಸಿಗೆಯ ಮೊದಲಲ್ಲಿ ಬೆಟ್ಟದ ಮೇಲೆ ಮುಗಿಯುವ ಒಂದು ಸಣ್ಣ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಗೆದ್ದುಬಿಟ್ಟಳು. ಅದೇ ವಾರ ತಂಡದ ನಾಯಕಿ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ದೊಡ್ಡ ಪಂದ್ಯಕ್ಕೆ ಇವಳನ್ನೇ ನಾಯಕಿ ಮಾಡಿದ್ದೇವೆ ಎಂದು ತಂಡದವರು ಹೇಳಿಕೆ ಕೊಟ್ಟರು. ಕಚೇರಿಯಲ್ಲಿ ಎಲ್ಲರೂ ಕಣ್ಣಳತೆಯವರ ಕೈ ಕುಲುಕಿದರು. ಅವರು ಬಹಳ ಗಂಭೀರವಾಗಿ, ನೋಡದೆ ಏನೂ ಹೇಳಲಾರೆ ಎಂದರು.

ಪಂದ್ಯಕ್ಕೆ ಒಂದು ವಾರವಿದ್ದಾಗ ಅವಳು ಒಂದು ರಾತ್ರಿಯ ಮಟ್ಟಿಗೆ ಮನೆಗೆ ಬಂದಳು. ಸಂಜೆ ಬಾಗಿಲು ತೆರೆದವರು ಇವರೇ. ಬಿಸಿಲಿನ ದಿನಗಳಲ್ಲೂ ಉಣ್ಣೆಯ ಅಂಗಿ ತೊಟ್ಟು ನಿಂತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಕತ್ತಿನ ನರ ಎದ್ದು ಕಾಣುತ್ತಿತ್ತು, ಕೈಚೀಲ ಹಿಡಿದ ಕೈಯ ಮಣಿಕಟ್ಟು ಚಿಕ್ಕ ಹುಡುಗಿಯ ಮಣಿಕಟ್ಟಿನಷ್ಟಾಗಿತ್ತು. ಯಾವ ಅಪ್ಪನಿಗಾದರೂ ಎದೆ ಧಸಕ್ಕೆನ್ನಬೇಕಾಗಿತ್ತು. ಇವರ ಕಣ್ಣು ಅರಳಿತು. ಲಿಫ್ಟಿನ ಪಕ್ಕ ನಿಂತು ನೋಡಿದ ಅಷ್ಟೂ ಹೆಂಗಸರಲ್ಲಿ ಇಂಥ ಫಾರಂ ಕಂಡಿದ್ದಿಲ್ಲ ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು. ಒಳಗೆ ಕರೆಯುವುದನ್ನೂ ಮರೆತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ ನಿಂತರು. ಅವಳು ಹೊಸ್ತಿಲ ಹೊರಗೆ ಅಲುಗಾಡದೆ ನಿಂತು ನೋಡಿಸಿಕೊಂಡಳು.

ಮರುದಿನ ಮಗಳು ಹೊರಟುಹೋದ ಮೇಲೆ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿ ಅವರನ್ನು ನಿಲ್ಲಿಸಿಕೊಂಡಳು. ಅವಳು ಸಾಮಾನ್ಯವಾಗಿ ಹಾಗೆ ಮಾಡುವವಳಲ್ಲ. ಬಚ್ಚಲಿನ ತೂತಿನಲ್ಲಿ ಸಿಕ್ಕ ಮಗಳ ಕೂದಲಿನ ಉಂಡೆಯನ್ನು ತೋರಿಸಿದಳು. ರಾತ್ರಿ ಮಗಳು ತಟ್ಟೆಯಲ್ಲಿದ್ದದ್ದನ್ನು ಹೇಗೆ ಕರವಸ್ತ್ರದಲ್ಲಿ ಸುತ್ತಿ ಬುಟ್ಟಿಗೆ ಹಾಕಿದಳು ಎಂದು ಹೇಳಿದಳು. ಮರದ ಕುರ್ಚಿಯಲ್ಲಿ ಮೂಳೆ ಒತ್ತುತ್ತದೆ ಎಂದು ದಿಂಬು ಹಾಕಿಕೊಂಡು ಕೂತದ್ದನ್ನು ಹೇಳಿದಳು. ಕೊನೆಗೆ ದನಿ ತಗ್ಗಿಸಿ, ಹೇಳಬೇಕಾದ್ದನ್ನು ಹೇಳಿದಳು.

‘ಮುಟ್ಟು ನಿಂತು ಎಷ್ಟೋ ತಿಂಗಳಾಯ್ತಂತೆ ರೀ. ಕೇಳಿದ್ರೆ ನಗ್ತಾಳೆ. ಒಳ್ಳೇದೇ ಆಯ್ತು, ರಗಳೆ ಇಲ್ಲ ಅಂತಾಳೆ.’

ಕಣ್ಣಳತೆಯವರು ತಿಳಿದವರ ನಗೆ ನಕ್ಕರು. ಅದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಎಂದರು. ದೊಡ್ಡ ದೊಡ್ಡ ಆಟಗಾರ್ತಿಯರಿಗೆಲ್ಲ ಹಾಗಾಗುತ್ತದೆ, ಅಭ್ಯಾಸ ಸರಿಯಾಗಿ ನಡೆದಿದೆ ಎಂಬುದಕ್ಕೆ ಅದೇ ಗುರುತು ಎಂದು ಹಳೆಯ ತರಬೇತುದಾರರೇ ಹೇಳಿದ್ದಾರೆ ಎಂದರು. ಆ ಮೂರ್ಖತನವನ್ನು ಅವರು ತಾವಾಗಿ ಹುಟ್ಟಿಸಿದ್ದಲ್ಲ, ನಿಜ. ಊಟದ ಕೋಣೆಗಳಲ್ಲಿ, ಕಾರುಗಳಲ್ಲಿ ಗಂಡಸರು ಗಂಡಸರಿಗೆ ಹೇಳಿಕೊಂಡು ಬಂದಿದ್ದ ಮಾತು ಅದು. ಆದರೆ ಅದನ್ನು ಹೆತ್ತ ತಾಯಿಯ ಮುಂದೆ ನಿಂತು, ಪಾಠ ಹೇಳುವ ದನಿಯಲ್ಲಿ ಹೇಳಲು ಒಂದು ವಿಶೇಷ ಬಗೆಯ ಧೈರ್ಯ ಬೇಕು.

ಹೆಂಡತಿ ಕೈಮುಗಿಯಲಿಲ್ಲ, ಅಷ್ಟೇ ಬಾಕಿ. ‘ನನ್ನ ಮಾತು ಅವಳ ಕಿವಿಗೆ ಬೀಳಲ್ಲ. ನೀವು ಒಂದೇ ಒಂದು ಮಾತು ಹೇಳಿ, ಈ ಸಲ ಬೇಡ ಅಂತ. ನೀವು ಹೇಳಿದ್ರೆ ನಿಲ್ತಾಳೆ. ಆ ಪಟ್ಟಿನಾದ್ರೂ ಬರೀಬೇಡಿ.’

‘ಜೀವಮಾನದಲ್ಲಿ ಒಂದ್ಸಲ ಸಿಗೋ ಅವಕಾಶ ಇದು. ಅಪ್ಪನಾಗಿ ನಾನೇ ಅಡ್ಡ ನಿಲ್ಲಲಾ?’

ಅವಳು ಬಾಗಿಲು ತೆರೆದು ಹೊರಗೆ ಹೋದಳು. ಅಂಗಡಿಗೆ ಹೊತ್ತಾಗಿತ್ತು.

ಅಂದು ಅವರು ಬರೆದ ಲೇಖನ ಅವರ ಬರವಣಿಗೆಯಲ್ಲೇ ಉದ್ದದ್ದು. ‘ಇದನ್ನು ಪಕ್ಷಪಾತ ಎನ್ನುವವರು ಎನ್ನಲಿ’ ಎಂದು ಶುರುವಾಗುತ್ತಿತ್ತು. ಇಷ್ಟು ವರ್ಷ ಸ್ವಂತ ರಕ್ತಕ್ಕೆ ಒಂದು ಚುಕ್ಕಿಯನ್ನೂ ಕೊಡದ ಕೈ ಇಂದು ಐದನ್ನೂ ಕೊಡುತ್ತಿದೆ ಎಂದರೆ ಓದುಗರು ಅರ್ಥ ಮಾಡಿಕೊಳ್ಳಬೇಕು ಎಂದಿತ್ತು. ಕೆನ್ನೆಯ ಗುಳಿಗೆ ಒಂದು ಪ್ಯಾರಾ, ಮಣಿಕಟ್ಟಿಗೆ ಒಂದು. ಬೇಸಿಗೆಯಲ್ಲಿ ತೊಟ್ಟ ಉಣ್ಣೆಯ ಅಂಗಿಯೂ ಬಂದಿತ್ತು: ಮೈಯಲ್ಲಿ ಸುಡಲು ಒಂದು ತೊಟ್ಟು ಕೊಬ್ಬೂ ಉಳಿದಿಲ್ಲ ಎಂಬುದಕ್ಕೆ ಅದು ಪುರಾವೆಯಂತೆ. ಕ್ರೀಡಾಪುಟದ ಮುಖ್ಯಸ್ಥೆ ಜೊತೆಗೆ ಹಾಕಲು ಬಂದ ಫೋಟೋವನ್ನು ಬಹಳ ಹೊತ್ತು ನೋಡಿ, ಹುಡುಗಿ ಹುಷಾರಾಗಿದ್ದಾಳೆ ತಾನೇ ಸಾರ್ ಎಂದು ಕೇಳಿದಳು. ಅವರು ಆ ಪ್ರಶ್ನೆಯನ್ನು ಸೈಕಲ್ ಗೊತ್ತಿಲ್ಲದವರ ಪ್ರಶ್ನೆ ಎಂದು ತಳ್ಳಿಹಾಕಿದರು.

ಪತ್ರಿಕೆ ಬಂದ ಬೆಳಿಗ್ಗೆ ಮಗಳೇ ಫೋನ್ ಮಾಡಿದಳು. ‘ಐದಾ ಅಪ್ಪ?’ ಎಂದಳು. ಅವರು ಹೌದು ಎಂದರು. ಅವಳು ಅಳುತ್ತಿದ್ದಾಳೆ ಎಂದು ಗೊತ್ತಾಗಿ ಅವರಿಗೂ ಕಣ್ಣು ತುಂಬಿತು. ಆ ಗಳಿಗೆಯಲ್ಲಿ ಅವರು ಮಗಳನ್ನು ಪ್ರೀತಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಅದೇ ಇದರಲ್ಲಿ ಅಸಹ್ಯದ ಸಂಗತಿ.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಸಪಾಟು ರಸ್ತೆಯಲ್ಲಿ ತಂಡದವರು ಅವಳನ್ನು ಮಧ್ಯದಲ್ಲಿಟ್ಟುಕೊಂಡು ಕಾಪಾಡಿದರು. ಮೊದಲ ಸಣ್ಣ ಬೆಟ್ಟದಲ್ಲಿ ಮುಂದಿನವರ ಜೊತೆಗೇ ದಾಟಿದಳು, ಒಟ್ಟು ಸಮಯದಲ್ಲಿ ಮೂರನೆಯವಳಾದಳು. ಪತ್ರಕರ್ತರ ಕೋಣೆಯಲ್ಲಿ ಕಣ್ಣಳತೆಯವರು ನೆಲದ ಮೇಲೆ ನಡೆಯಲಿಲ್ಲ. ಕೇಳದವರನ್ನೂ ಕರೆದು ಕೂರಿಸಿಕೊಂಡು, ಬಾಗಿಲು ತೆರೆದ ಕ್ಷಣವೇ ತಮಗೆ ಹೇಗೆ ಗೊತ್ತಾಯಿತು ಎಂದು ವಿವರಿಸಿದರು. ಪಕ್ಕದಲ್ಲಿದ್ದ ಬೇರೆ ಪತ್ರಿಕೆಯವನೊಬ್ಬ, ಸುಮಾರು ಇವರಷ್ಟೇ ಹೊಟ್ಟೆಯವನು, ಅವಳು ಊಟಕ್ಕೆ ಏನು ತಗೋತಾಳೆ ಎಂದು ಕೇಳಿ ಬರೆದುಕೊಂಡ.

ನಿಜವಾದ ಬೆಟ್ಟದ ದಿನ ಬಂತು. ಕೋಣೆಯಲ್ಲಿದ್ದವರೆಲ್ಲ ಗೋಡೆಯ ಮೇಲಿನ ದೊಡ್ಡ ಟಿವಿಗೆ ಮುಖಮಾಡಿ ಕೂತಿದ್ದರು. ಬೆಟ್ಟದ ಬುಡದಲ್ಲಿ ಒಂದು ಹಳ್ಳಿ, ಅಲ್ಲೊಂದು ತಿರುವು. ಗುಂಪು ನಿಧಾನಿಸಿತು. ಅವಳು ನೀರಿನ ಬಾಟಲಿ ಇಸಿದುಕೊಳ್ಳಲು ಪಕ್ಕಕ್ಕೆ ಸರಿದಳು, ಪೆಡಲಿನ ಮೇಲೆ ಎದ್ದು ನಿಲ್ಲಲು ನೋಡಿದಳು, ನಿಂತ ಸೈಕಲ್ ವಾಲುವಂತೆ ಎಡಕ್ಕೆ ವಾಲಿ ಬಿದ್ದಳು. ಯಾರೂ ತಾಕಿರಲಿಲ್ಲ. ಮಕ್ಕಳು ಅಂಗಳದಲ್ಲಿ ಇದಕ್ಕಿಂತ ಜೋರಾಗಿ ಬಿದ್ದು ಮೊಣಕಾಲು ಒರೆಸಿಕೊಂಡು ಏಳುತ್ತಾರೆ. ಅವಳು ಏಳಲಿಲ್ಲ. ಕೈಯೂರಿ ಏಳಲು ಹೋದಳು, ಎಡಗಾಲು ಅವಳದಲ್ಲವೆಂಬಂತೆ ಬೇರೆ ದಿಕ್ಕಿಗೆ ಹೊರಳಿಕೊಂಡಿತ್ತು. ಟಿವಿಯವರು ಅದನ್ನೇ ಮತ್ತೆ ಮತ್ತೆ ನಿಧಾನವಾಗಿ ತೋರಿಸಿದರು.

ಕೋಣೆಯವರೆಲ್ಲ ಕಣ್ಣಳತೆಯವರ ಕಡೆ ತಿರುಗಿದರು. ಅವರಿಗೆ ಮೊದಲು ಹೊಳೆದದ್ದು ಪಟ್ಟಿ, ಅಯ್ಯೋ ಐದು ನಕ್ಷತ್ರ ಎಂದು. ಮಗಳು ಎರಡನೆಯದಾಗಿ ನೆನಪಾದಳು. ಎರಡಕ್ಕೂ ನಡುವೆ ಬಹಳ ಹೊತ್ತು ಕಳೆದಿರಲಿಕ್ಕಿಲ್ಲ, ಆದರೆ ಯಾವುದು ಮೊದಲು ಬಂತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಾಯಿತು. ಅದರ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಾರಿನ ಕೀಲಿ ಹುಡುಕುತ್ತ ಹೊರಗೆ ಓಡಿದರು.

ಆಸ್ಪತ್ರೆಯಲ್ಲಿ ಅವಳನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದರು. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಕಚೇರಿಯಿಂದ ಫೋನ್ ಬಂತು. ನಿಮ್ಮ ಅಂಕಣದ ಜಾಗಕ್ಕೆ ಬೇರೆ ಏನಾದರೂ ಹಾಕಿಕೊಳ್ಳುತ್ತೇವೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಮುಖ್ಯಸ್ಥೆ ಹೇಳಿದಳು. ಬೇಡ, ಬರೆಯುತ್ತೇನೆ ಎಂದರು. ಜಾಗ ಬಿಟ್ಟುಕೊಟ್ಟು ಅಭ್ಯಾಸವಿಲ್ಲ. ಬೆಂಚಿನ ಮೇಲೆ ಕೂತೇ ಬರೆದು ಕಳಿಸಿದರು. ಇಷ್ಟು ವರ್ಷ ಬರೆದ ಕೈಗೆ ದಾರಿ ಗೊತ್ತಿತ್ತು: ದುರದೃಷ್ಟ. ಫಾರಂ ಇತ್ತು, ಅದೃಷ್ಟ ಕೈಕೊಟ್ಟಿತು. ಇದೇ ಮೈಕಟ್ಟಿನಲ್ಲಿ ಮರಳಿ ಬಂದರೆ ಮುಂದಿನ ವರ್ಷವೂ ಈ ಅಂಕಣಕಾರ ಹಿಂದೆಮುಂದೆ ನೋಡದೆ ಐದು ನಕ್ಷತ್ರ ಕೊಡುತ್ತಾನೆ. ಕಳಿಸಿದ ಮೇಲೆ ಮನಸ್ಸು ಒಂದಿಷ್ಟು ಹಗುರವಾಯಿತು.

ಹೆಂಡತಿ ಬಸ್ಸು ಹಿಡಿದು ಬಂದು ಸೇರುವ ಹೊತ್ತಿಗೆ ಡಾಕ್ಟರ್ ಹೊರಗೆ ಬಂದರು. ನರೆತ ಕೂದಲಿನ ಹೆಂಗಸು, ದಣಿದಿದ್ದರು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿದೆ, ಲೋಹದ ತುಂಡು ಕೂರಿಸಿದ್ದೇವೆ ಎಂದರು. ಇದು ಬಿದ್ದು ಮುರಿದ ಮೂಳೆಯಲ್ಲ, ಮೊದಲೇ ಬಿರುಕು ಬಿಟ್ಟು ಮುರಿಯಲು ಕಾಯುತ್ತಿದ್ದದ್ದು. ನನಗಿಂತ ವಯಸ್ಸಾದವರಲ್ಲಿ ಇಂಥ ಮೂಳೆ ನೋಡುತ್ತೇನೆ ಎಂದರು. ಹೃದಯ ಬಡಿಯುವುದೂ ತೀರಾ ನಿಧಾನವಾಗಿದೆ, ಸೈಕಲ್ ಮಾತು ಬಿಡಿ, ಮೊದಲು ಅವಳು ಉಣ್ಣದಿದ್ದರೆ ಉಳಿಯುವುದೇ ಕಷ್ಟ ಎಂದರು. ವರ್ಷದಿಂದ ಹಸಿದುಕೊಂಡಿದ್ದಾಳೆ ನಿಮ್ಮ ಮಗಳು, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು.

‘ಗಮನಿಸಿದ್ರು ಡಾಕ್ಟ್ರೇ’ ಎಂದಳು ಹೆಂಡತಿ. ‘ಇವರೇ ಗಮನಿಸಿದ್ರು. ಪೇಪರಲ್ಲೂ ಬರೆದ್ರು.’

ಡಾಕ್ಟರಿಗೆ ಅರ್ಥವಾಗಲಿಲ್ಲ. ಕಣ್ಣಳತೆಯವರಿಗೆ ಆಯಿತು. ಗುಳಿಬಿದ್ದ ಕೆನ್ನೆ, ಕಾಗದದ ಚರ್ಮ, ಚೂಪು ಮೊಣಕೈ, ತಾವು ಬರೆದ ಒಂದೊಂದು ಮಾತೂ ಡಾಕ್ಟರ ಬಾಯಿಂದ ಬಂದ ರೋಗದ ಲಕ್ಷಣಗಳಂತೆ ಕೇಳಿಸತೊಡಗಿತು. ಹೆಂಡತಿಯ ಕಡೆ ನೋಡಿದರು, ಅವಳು ಇವರ ಕಡೆ ನೋಡುತ್ತಿರಲಿಲ್ಲ. ಆಗ ನೆನಪಾಯಿತು, ಬೆಂಚಿನ ಮೇಲೆ ಕೂತು ಕಳಿಸಿದ್ದು. ಓಡಿಹೋಗಿ ಕಚೇರಿಗೆ ಫೋನ್ ಮಾಡಿದರು. ಪುಟ ಆಗಲೇ ಅಚ್ಚಿಗೆ ಹೋಗಿತ್ತು.

ಬೆಳಿಗ್ಗೆ ಮಗಳಿಗೆ ಎಚ್ಚರವಾಯಿತು. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ನರ್ಸ್ ಒಂದು ಬಟ್ಟಲು ತೆಳುವಾದ ಗಂಜಿ, ಒಂದು ಚಮಚ ತಂದು ಹಾಸಿಗೆಯ ಪಕ್ಕದ ಮೇಜಿನ ಮೇಲಿಟ್ಟು, ಪೂರ್ತಿ ಖಾಲಿಯಾಗಬೇಕು ಎಂದು ಹೇಳಿಹೋದಳು. ಕಣ್ಣಳತೆಯವರು ಕುರ್ಚಿ ಎಳೆದುಕೊಂಡು ಕೂತರು. ಹೊದಿಕೆಯ ಮೇಲೆ ಪತ್ರಿಕೆ ಬಿಚ್ಚಿಕೊಂಡಿತ್ತು. ಯಾವನೋ ಪುಣ್ಯಾತ್ಮ, ಅಭಿಮಾನಿ ಇರಬೇಕು, ತಂದುಕೊಟ್ಟಿದ್ದ.

‘ಓದಿದೆ ಅಪ್ಪ’ ಎಂದಳು. ತುಟಿ ಒಡೆದಿತ್ತು, ಅದರಲ್ಲೇ ನಕ್ಕಳು. ‘ಚೆನ್ನಾಗಿ ಬರ್ದಿದ್ದೀಯ.’

ಅದನ್ನು ಬಿಡು ಎಂದರು. ಅದರಲ್ಲಿರುವುದೆಲ್ಲ ಸುಳ್ಳು, ತಮಗೆ ಏನೂ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ ಎಂದರು. ಈ ಮಾತನ್ನು ಅವರು ಜೀವಮಾನದಲ್ಲಿ ಆಡಿದ್ದು ಇದೇ ಮೊದಲು. ಅವಳು ಯಾರದೋ ಮಾತು ಕೇಳುವವಳಂತೆ ಕೇಳಿಸಿಕೊಂಡಳು. ಅವರು ಬಟ್ಟಲನ್ನು ಕೈಗೆತ್ತಿಕೊಂಡು, ಗಂಜಿಯನ್ನು ಕಲಕಿ, ‘ಸ್ವಲ್ಪ ಕುಡಿಯಮ್ಮ’ ಎಂದರು.

‘ಅಪ್ಪ ಹೇಳ್ತಿರೋದಾ, ಪೇಪರಿನವರು ಹೇಳ್ತಿರೋದಾ?’

‘ಅಪ್ಪ.’

ಅವಳು ಬಟ್ಟಲನ್ನು ನೋಡಿದಳು, ಅವರ ಮುಖವನ್ನು ನೋಡಿದಳು. ಹೊದಿಕೆಯ ಮೇಲಿದ್ದ ಪತ್ರಿಕೆಯನ್ನು ಮಡಿಸಿ ದಿಂಬಿನ ಅಡಿಗೆ ಸೇರಿಸಿದಳು, ಯಾರಾದರೂ ಕಿತ್ತುಕೊಂಡಾರು ಎಂಬಂತೆ.

‘ಬೇಡಪ್ಪ’ ಎಂದಳು. ‘ಈಗ ತಿಂದ್ರೆ ಮತ್ತೆ ಇಳಿಸೋದು ಕಷ್ಟ. ಇದೇ ಮೈಕಟ್ಟಿರಬೇಕು ಅಂತ ನೀನೇ ಬರ್ದಿದ್ದೀಯಲ್ಲ.’

ಅವರು ಚಮಚವನ್ನು ಅವಳ ತುಟಿಯ ಹತ್ತಿರ ಹಿಡಿದರು. ಅವಳು ಕೋಪವಿಲ್ಲದೆ, ಚಿಕ್ಕ ಮಗುವಿನಂತೆ ತುಟಿ ಬಿಗಿದುಕೊಂಡಳು. ಹೆಂಡತಿ ಔಷಧಿ ತೆಗೆದುಕೊಂಡು ಬಾಗಿಲು ತೆರೆದಾಗಲೂ ಅವರ ಕೈ ಹಾಗೇ ಚಾಚಿಕೊಂಡಿತ್ತು. ಚಮಚದಿಂದ ಗಂಜಿ ಹನಿಹನಿಯಾಗಿ ಹೊದಿಕೆಯ ಮೇಲೆ ಬೀಳುತ್ತಿತ್ತು, ಅವಳು ಬಾಯಿ ತೆರೆದಿರಲಿಲ್ಲ.